ಕಂದಕದೊಳಗಿನ ಶತ್ರುಗಳು: ಬೋಸ್ನಿಯಾದ ಒಂದು ಚಿತ್ರ, ಹೊನ್ನಾವರದ ಒಂದು ಮುತ್ತಿಗೆ

ಡಾನಿಸ್ ತಾನೊವಿಚ್ ನಿರ್ದೇಶಿಸಿದ ‘ನೋ ಮ್ಯಾನ್ಸ್ ಲ್ಯಾಂಡ್’ (2001) ಚಿತ್ರದ ಕಥೆ ನಡೆಯುವುದು 1993ರ ಬೋಸ್ನಿಯಾ ಯುದ್ಧದಲ್ಲಿ, ಎರಡು ಸೈನ್ಯಗಳ ನಡುವೆ ಯಾರ ವಶಕ್ಕೂ ಸೇರದೆ ಉಳಿದ ಕಂದಕವೊಂದರಲ್ಲಿ. ಅಲ್ಲಿ ಬೋಸ್ನಿಯಾದ ಚಿಕಿ ಮತ್ತು ಸರ್ಬ್ ಪಡೆಯ ನಿನೊ ಒಟ್ಟಿಗೆ ಸಿಕ್ಕಿಬೀಳುತ್ತಾರೆ. ಸತ್ತನೆಂದು ಭಾವಿಸಲಾದ ಮೂರನೆಯ ಸೈನಿಕ ತ್ಸೆರಾನ ಬೆನ್ನಡಿಯಲ್ಲಿ, ಭಾರ ಸರಿದೊಡನೆ ನೆಗೆದು ಸಿಡಿಯುವ ನೆಲಬಾಂಬ್ ಹುದುಗಿದೆ. ಯುದ್ಧ ಆರಂಭಿಸಿದವರು ಯಾರೆಂಬ ಜಗಳದಲ್ಲಿ ಬಂದೂಕು ಹಿಡಿದವನು ಎದುರಾಳಿಯ ಬಾಯಿಂದ ‘ನಾವೇ’ ಎನ್ನಿಸುತ್ತಾನೆ. ಬಂದೂಕು ಕೈಬದಲಾದಾಗ ಉತ್ತರವೂ ಬದಲಾಗುತ್ತದೆ. ಸಾವಿನ ಎದುರಿನಲ್ಲೇ ನಗೆ ಹುಟ್ಟಿಸಿ, ಆ ನಗೆಯಿಂದಲೇ ಯುದ್ಧದ ಅರ್ಥಹೀನತೆಯನ್ನು ತೋರುವ ಈ ಕ್ರಮವನ್ನು ಕರಾಳ ಹಾಸ್ಯ ಎನ್ನುತ್ತಾರೆ. ‘ಲಗಾನ್’ ಕೂಡ ಸ್ಪರ್ಧೆಯಲ್ಲಿದ್ದ 2002ರ ಆಸ್ಕರ್‌ನಲ್ಲಿ ಅತ್ಯುತ್ತಮ ವಿದೇಶಿ ಭಾಷಾ ಚಿತ್ರ ಪ್ರಶಸ್ತಿ ಪಡೆದದ್ದು ಈ ಚಿತ್ರವೇ.

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಪ್ರೇಕ್ಷಕರಿಗೆ ಯುದ್ಧದ ನಡುವಿನ ಹಾಸ್ಯ ಹೊಸದಲ್ಲ; ಯಕ್ಷಗಾನದ ‘ಗದಾಯುದ್ಧ’ ಪ್ರಸಂಗದಲ್ಲಿ ಕೌರವನ ಅಂತ್ಯದ ಕಥೆಯೊಳಗೇ ಬೇಹಿನಚರನ ಹಾಸ್ಯಕ್ಕೂ ಎಡೆಯಿದೆ. ಆದರೆ ಚಿತ್ರದ ಕಂದಕಕ್ಕೆ ಇನ್ನೂ ಹತ್ತಿರವಾದ ಉದಾಹರಣೆ ಈ ಕರಾವಳಿಯ ಇತಿಹಾಸದಲ್ಲೇ ಸಿಗುತ್ತದೆ.

ಎರಡನೆಯ ಆಂಗ್ಲೋ–ಮೈಸೂರು ಯುದ್ಧದಲ್ಲಿ (1780–84) ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್‌ನ ಸೈನ್ಯವು 1783ರ ಜನವರಿಯಲ್ಲಿ ಹೊನ್ನಾವರದ ಕೋಟೆಯನ್ನು ಹಿಡಿದ ಮೇಲೆ ಅದರ ರಕ್ಷಣೆಯ ಹೊಣೆ ಕ್ಯಾಪ್ಟನ್ ಟೊರಿಯಾನೊಗೆ ಬಂದಿತು. ಅದೇ ವರ್ಷ ಟಿಪ್ಪು ಸುಲ್ತಾನನ ಸರದಾರ ಲುತ್ಫ್ ಅಲಿ ಬೇಗ್ ಕೋಟೆಗೆ ಮುತ್ತಿಗೆ ಹಾಕಿದನು. ಅಷ್ಟರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ರಾಜಿಯಾದ ಸುದ್ದಿ ಯುರೋಪಿನಿಂದ ಬಂದು, ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಯುದ್ಧದಿಂದ ಹಿಂದೆ ಸರಿದುದರಿಂದ, ಆಗಸ್ಟ್‌ನಲ್ಲಿ ಮಂಗಳೂರಿನಲ್ಲಿ ಕದನವಿರಾಮವಾಯಿತು; ಅದು ಹೊನ್ನಾವರಕ್ಕೂ ಅನ್ವಯಿಸಿತು. ಗುಂಡಿನ ಸದ್ದು ನಿಂತರೂ ಮುತ್ತಿಗೆ ತೆರವಾಗಲಿಲ್ಲ. ಒಳಗಿದ್ದವರು ಹೊರಡುವಂತಿರಲಿಲ್ಲ, ಹೊರಗಿದ್ದವರು ಕಾವಲು ಬಿಡುವಂತಿರಲಿಲ್ಲ. ಹಸಿವು ಮತ್ತು ಕಾಯಿಲೆ ಕೋಟೆಯೊಳಗಿನ ಪಡೆಯನ್ನು ತಿಂಗಳುಗಟ್ಟಲೆ ಸವೆಸಿದವು. ಕಂಪನಿಯ ಪರವಾಗಿ ಅಲ್ಲಿ ಬಂದೂಕು ಹಿಡಿದವರಲ್ಲಿ ಹೆಚ್ಚಿನವರು ಇದೇ ದೇಶದ ಸಿಪಾಯಿಗಳು ಎಂಬುದನ್ನು ಮರೆಯಬಾರದು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದವು ಎರಡೂ ಪಕ್ಷಗಳು ಗೆದ್ದುಕೊಂಡ ನೆಲವನ್ನು ಪರಸ್ಪರ ಹಿಂದಿರುಗಿಸಿದ್ದರಿಂದ, ಇಷ್ಟು ಪ್ರಾಣಗಳನ್ನು ತೆತ್ತು ಕಾಯ್ದ ಕೋಟೆ ಮತ್ತೆ ಮೈಸೂರಿನ ಪಾಲಾಯಿತು.

ಚಿತ್ರದಲ್ಲಿ ತ್ಸೆರಾನ ಬಾಂಬನ್ನು ತೆಗೆಯಲಾಗದೆಂದು ತಿಳಿದ ವಿಶ್ವಸಂಸ್ಥೆಯ ಅಧಿಕಾರಿಗಳು, ಅವನು ಪಾರಾದನೆಂದು ಜಗತ್ತಿಗೆ ಹೇಳಿ, ಅವನನ್ನು ಅಲ್ಲಿಯೇ ಬಿಟ್ಟು ಹೊರಟುಹೋಗುತ್ತಾರೆ. ಹೊನ್ನಾವರದಲ್ಲಿಯೂ ಸೈನಿಕರ ಅಳಿವು–ಉಳಿವನ್ನು ನಿರ್ಧರಿಸಿದವರು ಅವರ ಹಸಿವನ್ನು ಕಾಣದಷ್ಟು ದೂರದಲ್ಲಿದ್ದರು. ಆದುದರಿಂದ ಈ ಮುತ್ತಿಗೆಯನ್ನು ಸುಲ್ತಾನನ ಅಥವಾ ಕಂಪನಿಯ ಪ್ರತಿಷ್ಠೆಯ ಅಧ್ಯಾಯವೆಂದು ಓದಿದರೆ ಸಾಲದು. ಗೋಡೆಯ ಎರಡೂ ಬದಿಯಲ್ಲಿ ಸಿಲುಕಿದ್ದ ಸಾಮಾನ್ಯ ಸಿಪಾಯಿಗಳ ಇತಿಹಾಸವಾಗಿ ಅದನ್ನು ಬರೆಯುವ ಹೊಣೆ ಕರಾವಳಿಯ ಇತಿಹಾಸಕಾರರ ಮೇಲಿದೆ.