ಕೆಂಪು ದೀಪ ಏನು ಹೇಳುತ್ತದೆ?

ಎಷ್ಟೋ ಮನೆಗಳ ಸ್ವಿಚ್ ಬೋರ್ಡಿನಲ್ಲಿ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಅದರ ಹೆಸರು ಇಂಡಿಕೇಟರ್. ಅದು ಉರಿದರೆ ಬೋರ್ಡಿಗೆ ಕರೆಂಟು ಬಂದಿದೆ ಎಂದು ಅರ್ಥ.

ದೀಪ ಆರಿದ್ದರೆ ಕರೆಂಟು ಇಲ್ಲ ಅಂತಲೇ? ಹಾಗೆ ನಂಬಬಾರದು. ಆ ದೀಪವೇ ಕೆಟ್ಟಿರಬಹುದು.

ದೀಪಕ್ಕೆ ಎರಡು ತಂತಿ ಬೇಕು. ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ನ್ಯೂಟ್ರಲ್ ತಂತಿ ಕಡಿದುಹೋದರೆ ದೀಪ ಆರುತ್ತದೆ. ಆದರೆ ಫೇಸ್ ತಂತಿಯಲ್ಲಿ 230 ವೋಲ್ಟ್ ಕರೆಂಟು ಹಾಗೇ ಇರುತ್ತದೆ. ಮುಟ್ಟಿದರೆ ಜೀವಕ್ಕೇ ಅಪಾಯ.

ಸ್ವಿಚ್ಚು ಫೇಸ್ ತಂತಿಗೇ ಇರಬೇಕು. ತಪ್ಪಿ ನ್ಯೂಟ್ರಲ್ ತಂತಿಗೆ ಹಾಕಿದರೆ ಏನಾಗುತ್ತದೆ? ಸ್ವಿಚ್ಚು ಆಫ್ ಮಾಡಿದಾಗ ಬಲ್ಬು ಆರುತ್ತದೆ. ಆದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಬಲ್ಬು ಬದಲಿಸುವಾಗ ಕೈ ತಗುಲಿದರೆ ಶಾಕ್ ಹೊಡೆಯುತ್ತದೆ.

ಅದಕ್ಕೇ ಬಲ್ಬು ಬದಲಿಸುವ ಮೊದಲು ಮೇನ್ ಸ್ವಿಚ್ಚು ಆಫ್ ಮಾಡೋಣ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವುದು ಬೇಡ.

ವೈರಿಂಗ್ ಮಾಡಲು ಬಂದವರನ್ನು ಕೇಳೋಣ: "ಅಣ್ಣಾ, ಸ್ವಿಚ್ಚು ಫೇಸ್ ತಂತಿಗೇ ಹಾಕಿದೀರಾ? ಸ್ವಿಚ್ಚು ಆಫ್ ಮಾಡಿ, ಹೋಲ್ಡರಿಗೆ ಟೆಸ್ಟರ್ ಇಟ್ಟು ತೋರಿಸಿ." ಟೆಸ್ಟರಿನ ದೀಪ ಉರಿದರೆ ಮತ್ತೆ ಸರಿ ಮಾಡಿಸೋಣ.

ಕೇಳೋದಕ್ಕೆ ನಾಚಿಕೆ ಯಾಕೆ? ಮನೆ ನಮ್ಮದು. ಜೀವವೂ ನಮ್ಮದು.