ಕಂಪೈಲರ್ ಕಣ್ಣಲ್ಲಿ ಗ್ಲೋಬಲ್ ವೇರಿಯಬಲ್

ಸಿ ಭಾಷೆಯ ಪ್ರೋಗ್ರಾಮ್ ಒಂದೇ ನೆಗೆತಕ್ಕೆ ಯಂತ್ರಭಾಷೆಯಾಗುವುದಿಲ್ಲ. ಕಂಪೈಲರ್ ಅದನ್ನು ಮೊದಲು ತನಗೆ ಅನುಕೂಲವಾದ ನಡುವಿನ ಸಂಕೇತವೊಂದಕ್ಕೆ ಇಳಿಸಿಕೊಳ್ಳುತ್ತದೆ. ಬೇಡದ್ದನ್ನು ಕಿತ್ತುಹಾಕುವುದು, ನಿಧಾನವಾದದ್ದನ್ನು ಚುರುಕುಗೊಳಿಸುವುದು ಎಲ್ಲ ಅಲ್ಲೇ; ಪ್ರೊಸೆಸರ್‌ಗೆ ಒಪ್ಪುವ ಆದೇಶಗಳು ಹೊರಡುವುದು ಆಮೇಲೆ. ಇಂಥ ಮಧ್ಯಂತರ ಸಂಕೇತಗಳಲ್ಲಿ ತುಂಬ ಬಳಕೆಯಲ್ಲಿರುವುದು ಎಲ್‌ಎಲ್‌ವಿಎಂ ಯೋಜನೆಯದು. 2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಅಡ್ವೆ ಆರಂಭಿಸಿದ ಕೆಲಸ ಅದು.

ಈ ಸಂಕೇತಕ್ಕೊಂದು ಕಟ್ಟುನಿಟ್ಟಾದ ನಿಯಮವಿದೆ. ಫಂಕ್ಷನ್ನಿನೊಳಗಿನ ಒಂದೊಂದು ಹೆಸರಿಗೂ ಬೆಲೆ ಕೊಡುವ ಸಾಲು ಒಂದೇ. ಹೊಸ ಬೆಲೆ ಬೇಕಾದರೆ ಹೊಸ ಹೆಸರೇ ಬೇಕು. ಹಾಗಾಗಿ ಯಾವ ಬೆಲೆ ಎಲ್ಲಿಂದ ಬಂತೆಂದು ಕಂಪೈಲರ್ ತಡಕಾಡಬೇಕಾಗಿಲ್ಲ. ಆದರೆ ಗ್ಲೋಬಲ್ ವೇರಿಯಬಲ್ ಈ ಶಿಸ್ತಿಗೆ ಬಗ್ಗುವ ಪೈಕಿ ಅಲ್ಲ. ಪ್ರೋಗ್ರಾಮಿನ ಯಾವ ಮೂಲೆಯಿಂದಲಾದರೂ ಅದನ್ನು ತಿದ್ದಬಹುದು. ಬೇರೊಂದು ಫೈಲಿನಲ್ಲಿದ್ದು ಕಂಪೈಲರ್ ಇನ್ನೂ ಕಂಡೇ ಇರದ ಫಂಕ್ಷನ್ ಕೂಡ ತಿದ್ದಬಹುದು.

ಇದಕ್ಕೆ ಹುಡುಕಿಕೊಂಡ ದಾರಿ ಸರಳ, ಸೊಗಸು. ಗ್ಲೋಬಲ್‌ನ ಹೆಸರು ಬೆಲೆಯನ್ನು ಹೇಳುವುದಿಲ್ಲ, ಬೆಲೆ ಇರುವ ವಿಳಾಸವನ್ನು ಹೇಳುತ್ತದೆ. ಬಾಡಿಗೆದಾರರು ಎಷ್ಟು ಸಲ ಬದಲಾದರೂ ಮನೆ ನಂಬರು ಬದಲಾಗದು, ನಿಯಮವೂ ಮುರಿಯದು. ಕನ್ನಡ ಅಕ್ಷರದಲ್ಲಿ ಬರೆದರೆ ಸಾಲು ಹೀಗಿರುತ್ತದೆ:

@ಎಣಿಕೆ = ಗ್ಲೋಬಲ್ ಐ32 0, ಅಲೈನ್ 4

'@' ಎಂದರೆ ಇದು ಗ್ಲೋಬಲ್ ಹೆಸರು; ಫಂಕ್ಷನ್ನಿನ ಸ್ವಂತ ಹೆಸರುಗಳಿಗೆ '%' ಗುರುತು. 'ಐ32' ಅಂದರೆ 32 ಬಿಟ್‌ಗಳ ಪೂರ್ಣಾಂಕ, ಸೊನ್ನೆ ಅದರ ಆರಂಭದ ಬೆಲೆ, 'ಅಲೈನ್ 4' ಅಂದರೆ ವಿಳಾಸವು 4ರಿಂದ ಭಾಗವಾಗಬೇಕು ಎಂಬ ಕರಾರು. ಸಿಯಲ್ಲಿ 'ಎಣಿಕೆ++' ಎಂದು ಸಲೀಸಾಗಿ ಬರೆದದ್ದು ಇಲ್ಲಿ ಮೂರು ಸಾಲಾಗುತ್ತದೆ:

%1 = ಲೋಡ್ ಐ32, ಪಿಟಿಆರ್ @ಎಣಿಕೆ
%2 = ಆ್ಯಡ್ ಐ32 %1, 1
ಸ್ಟೋರ್ ಐ32 %2, ಪಿಟಿಆರ್ @ಎಣಿಕೆ

'ಪಿಟಿಆರ್' ಅಂದರೆ ಪಾಯಿಂಟರ್, ಅಂದರೆ ವಿಳಾಸ. ಆ ವಿಳಾಸದಿಂದ ಬೆಲೆ ತಂದು, ಒಂದು ಕೂಡಿಸಿ, ಅದೇ ವಿಳಾಸಕ್ಕೆ ಮರಳಿ ಬರೆಯುವುದು. ಮೂಲ ಪ್ರೋಗ್ರಾಮಿನಲ್ಲಿ ಕಾಣದಿದ್ದ ಓಡಾಟವೆಲ್ಲ ಇಲ್ಲಿ ಬಯಲಾಗುತ್ತದೆ. ಈ ಓಡಾಟ ಉಳಿಸುವುದರಲ್ಲೇ ಮುಂದಿನ ಕಸುಬಿರುವುದು.

ಒಂದು ಲೂಪು ಪಟ್ಟಿಯ ಅಂಕಿಗಳನ್ನು ಒಂದೊಂದಾಗಿ @ಎಣಿಕೆಗೆ ಕೂಡಿಸುತ್ತಿದೆ ಎನ್ನಿ. ಮೊತ್ತವನ್ನು ಪ್ರೊಸೆಸರ್‌ನ ರಿಜಿಸ್ಟರ್‌ನಲ್ಲೇ ಇಟ್ಟುಕೊಂಡು ಕೊನೆಗೊಮ್ಮೆ ಬರೆದರೆ ಸಾಲದೆ? ಆತುರಪಡುವಂತಿಲ್ಲ. ಆ ಪಟ್ಟಿಯ ಪಾಯಿಂಟರ್ @ಎಣಿಕೆಯನ್ನೇ ತೋರಿಸುತ್ತಿರಬಹುದು. ಲೂಪಿನ ನಡುವೆ ಕರೆದ ಅಪರಿಚಿತ ಫಂಕ್ಷನ್ ಅದನ್ನು ಓದಲೂಬಹುದು. ಷರತ್ತು ನಿಜವಾದಾಗ ಮಾತ್ರ ಬರೆಯುವ ಲೂಪಾದರೆ ಇನ್ನೂ ನಾಜೂಕು: ಮೂಲದಲ್ಲಿ ಬರೆಯದೇ ಹೋಗುವ ಸಂದರ್ಭದಲ್ಲಿ ಕಂಪೈಲರ್ ತಾನಾಗಿ ಹಳೇ ಬೆಲೆಯನ್ನೇ ಮರಳಿ ಬರೆದರೂ, ಅಷ್ಟರಲ್ಲಿ ಇನ್ನೊಂದು ಥ್ರೆಡ್ ಬರೆದದ್ದು ಅಳಿಸಿಹೋದೀತು. 2011ರ ಸಿ ಮಾನಕ ಇದಕ್ಕೆ ಅವಕಾಶ ಕೊಡುವುದಿಲ್ಲ. ಇಷ್ಟು ಅನುಮಾನದ ಪ್ರಾಣಿ ಬೇರೆಲ್ಲಾದರೂ ಕಿರಿಕಿರಿಯೇ. ಇಲ್ಲಿ ಮಾತ್ರ ಅದರಿಂದಲೇ ಪ್ರೋಗ್ರಾಮ್ ಕ್ಷೇಮ.

ವೇರಿಯಬಲ್‌ನ ಹಿಂದೆ 'ಸ್ಟ್ಯಾಟಿಕ್' ಎಂದು ಬರೆದರೆ ಸನ್ನಿವೇಶವೇ ಬೇರೆ. ನಡುಸಂಕೇತದಲ್ಲಿ ಅದು 'ಇಂಟರ್ನಲ್' ಆಗುತ್ತದೆ, ಅಂದರೆ ಈ ಹೆಸರು ಹೊರಗಿನ ಫೈಲುಗಳಿಗೆ ಕಾಣದು. ವಿಳಾಸವನ್ನು ಯಾರ ಕೈಗೂ ಕೊಟ್ಟಿಲ್ಲವೆಂದು ಖಚಿತವಾದರೆ, ಅದನ್ನು ಮುಟ್ಟುವ ಪ್ರತಿಯೊಂದು ಸಾಲೂ ಕಣ್ಣೆದುರಿಗಿದೆ ಎಂದೇ ಅರ್ಥ. 'ಗ್ಲೋಬಲ್‌ಆಪ್ಟ್' ಎಂಬ ಹಂತ ಆ ಸಾಲುಗಳನ್ನೆಲ್ಲ ಹೆಕ್ಕಿ ಪರೀಕ್ಷಿಸುತ್ತದೆ. ಬರೆಯುತ್ತಾರೆ, ಆದರೆ ಓದುವವರೇ ಇಲ್ಲವೆಂದಾದರೆ ವೇರಿಯಬಲ್ ಹೋಯಿತು. ಓದುತ್ತಾರೆ, ಬರೆಯುವವರಿಲ್ಲವೆಂದಾದರೆ ಓದಿದಲ್ಲೆಲ್ಲ ಆರಂಭದ ಬೆಲೆಯನ್ನೇ ಕೂರಿಸಬಹುದು.

ನನಗೆ ಅತಿ ಮೆಚ್ಚುಗೆಯಾದದ್ದು ಇನ್ನೊಂದು. ಸೊನ್ನೆಯಿಂದ ಶುರುವಾದ ವೇರಿಯಬಲ್‌ಗೆ ಇಡೀ ಪ್ರೋಗ್ರಾಮಿನಲ್ಲಿ 42 ಬಿಟ್ಟು ಬೇರೇನನ್ನೂ ಬರೆದಿಲ್ಲ ಎನ್ನಿ. ಹಾಗಾದರೆ ಅದರ ಬೆಲೆ ಒಂದೋ 0, ಇಲ್ಲವೇ 42. ನೆನಪಿಡಬೇಕಾದದ್ದು 'ಬರೆದಾಯಿತೇ' ಎಂಬ ಒಂದು ಬಿಟ್ ಮಾತ್ರ. ಗ್ಲೋಬಲ್‌ಆಪ್ಟ್ ಆ 'ಐ32'ನ್ನು 'ಐ1' ಮಾಡಿಬಿಡುತ್ತದೆ. ಓದುವ ಕಡೆಯಲ್ಲೆಲ್ಲ ಬಿಟ್ ನೋಡಿ 0 ಅಥವಾ 42ನ್ನು ಆರಿಸುವ ಆದೇಶವನ್ನು ಸೇರಿಸುತ್ತದೆ. 4 ಬೈಟ್‌ಗಳಿದ್ದ ಕಡೆ 1 ಬೈಟ್ ಸಾಕಾಗುತ್ತದೆ.