ಆರ್ಕೆಸ್ಟ್ರಾದ ಕೀಬೋರ್ಡ್ ನಡುವೆ ಬಂದ್ ಆಗೋದ್ಯಾಕೆ? ಗಣಪತಿ ಕಮಿಟಿಯವರು ಓದಲೇಬೇಕಾದ ಸ್ಟೇಜ್ ಸೆಟಪ್ ಲೆಕ್ಕ

ಹುಬ್ಬಳ್ಳಿ: ಒಂದು ಓಣಿಯ ಗಣಪತಿ ಪೆಂಡಾಲ್. ರಾತ್ರಿ ಎಂಟೂವರೆ. ಮುಂದೆ ಮಂದಿ ತುಂಬಿದ್ದರು, ಹಾಡು ಜೋರು ನಡೆದಿತ್ತು. ಯಾರೋ ಒಬ್ಬರು ಹಿಂದುಗಡೆ ಪ್ರಸಾದ ಬಿಸಿ ಮಾಡಲು ಕರೆಂಟ್ ಒಲೆಯ ಪ್ಲಗ್ ಹಾಕಿದರು ನೋಡ್ರಿ, ಕೀಬೋರ್ಡಿನ ಸ್ಕ್ರೀನ್ ಒಮ್ಮೆ ಮಿಣುಕಿ ಆರಿಹೋಯಿತು. ಮತ್ತೆ ಆನ್ ಆಗಿ, ಟೋನ್ ಹುಡುಕಿ, ಸ್ಕೇಲ್ ಸೆಟ್ ಮಾಡುವಷ್ಟರಲ್ಲಿ ಗಾಯಕಿ ಒಬ್ಬಳೇ ಮೈಕ್ ಹಿಡಿದು ನಿಂತಿದ್ದಳು. ಹಿಂದಿನಿಂದ ಸೀಟಿ ಶುರುವಾಯಿತು. ಕಾರ್ಯಕ್ರಮ ಮುಗಿದ ಮೇಲೆ ಕಮಿಟಿಯವರು "ನಿಮ್ಮ ಡಬ್ಬಾ ಕೀಬೋರ್ಡ್" ಅಂತ ಪೇಮೆಂಟಿನಲ್ಲಿ ಹಿಡಿದುಕೊಂಡರು. ಸುದ್ದಿ ಮಾಡಲು ಹೋಗಿದ್ದ ನಾನು ಸ್ಟೇಜ್ ಪಕ್ಕದಲ್ಲೇ ನಿಂತು ಇದನ್ನೆಲ್ಲಾ ನೋಡಿದೆ. ಕೀಬೋರ್ಡ್ ಡಬ್ಬಾ ಇರಲಿಲ್ಲ. ಒಲೆ ಮತ್ತು ಕೀಬೋರ್ಡ್ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿದ್ದವು, ಅಷ್ಟೇ.

ಗಣಪತಿ, ನವರಾತ್ರಿ, ರಾಜ್ಯೋತ್ಸವ, ಆಮೇಲೆ ಜಾತ್ರೆ ಮತ್ತು ಮದುವೆ ಸೀಸನ್. ಹುಬ್ಬಳ್ಳಿ-ಧಾರವಾಡ, ಕುಂದಗೋಳ, ಕಲಘಟಗಿ, ನವಲಗುಂದ ಕಡೆ ರಸಮಂಜರಿ ಇಲ್ಲದೆ ಇವು ಮುಗಿಯೋದಿಲ್ಲ. ವಂತಿಗೆ ಕೊಡೋರು ನಮ್ಮ ಅಂಗಡಿಕಾರರು, ಬೈಸಿಕೊಳ್ಳೋರು ಕೀಬೋರ್ಡ್ ನುಡಿಸೋರು. ಆದ್ದರಿಂದ ಈ ಸ್ಟೇಜ್ ಮೇಲೆ ಏನೇನು ಸಾಮಾನು ಇರುತ್ತದೆ, ಯಾವುದಕ್ಕೆ ಎಷ್ಟು ಖರ್ಚು, ಎಲ್ಲಿ ಕೈ ಕೊಡುತ್ತದೆ ಅನ್ನೋದನ್ನು ಸರಳವಾಗಿ ಹೇಳೋಣ ಅಂತ ಈ ಬರಹ.

ಹಾರ್ಮೋನಿಯಂ ಜಾಗಕ್ಕೆ ಬಂದ ಪೆಟ್ಟಿಗೆ

ನಮ್ಮ ಭಾಗಕ್ಕೆ ಮನೆಗಳಿರುವ ಪೆಟ್ಟಿಗೆ ಹೊಸದಲ್ಲ. ಕಂಪನಿ ನಾಟಕದ ಕಾಲದಿಂದ ಹಾರ್ಮೋನಿಯಂ ಮಾಸ್ತರರೇ ಸಂಗೀತದ ಯಜಮಾನ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಹಾರ್ಮೋನಿಯಂ ವಾದಕರು ಸುತ್ತಲಿನ ಜಿಲ್ಲೆಗಳಲ್ಲಿ ಇವತ್ತಿಗೂ ಇದ್ದಾರೆ. ಬೆಳಗಾವಿಯ ಪಂ. ರಾಮಭಾವು ಬಿಜಾಪುರೆ ಅವರ ಹೆಸರು ದೊಡ್ಡದು. ಅಂಥ ಹಾರ್ಮೋನಿಯಂಗೂ ಒಂದು ಕಾಲದಲ್ಲಿ ಬಾಗಿಲು ಹಾಕಿದ್ದರು. ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು, ಸಡಿಲಿಸಿದ್ದು 1971ರಲ್ಲಿ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ಅಂದರೆ ಆ ನಿಷೇಧದ ನಡುವೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಈ ಪೆಟ್ಟಿಗೆಯಲ್ಲಿ ಬರೋದಿಲ್ಲ ಅನ್ನೋದು ಆಗಿನ ದೊಡ್ಡ ತಕರಾರುಗಳಲ್ಲಿ ಒಂದು.

ಇವತ್ತಿನ ಕೀಬೋರ್ಡಿನ ಎಡಗಡೆ ಇರುವ ಸಣ್ಣ ಗಾಲಿ ಅಥವಾ ಕಡ್ಡಿ ಆ ಕೆಲಸವನ್ನೇ ಮಾಡುತ್ತದೆ. ಪಿಚ್ ಬೆಂಡ್ ಅಂತಾರೆ. ಬಲಗೈಯಲ್ಲಿ ಮನೆ ಒತ್ತಿ ಎಡಗೈಯಲ್ಲಿ ಗಾಲಿ ತಿರುಗಿಸಿದರೆ ಸ್ವರ ಜಾರುತ್ತದೆ. ಶಹನಾಯಿ, ಕೊಳಲು, ಸಾರಂಗಿ ಕೇಳಿದಂಗೆ ಆಗೋದು ಇದರಿಂದಲೇ. ಇನ್ನೊಂದು ಬಟನ್ ಟ್ರಾನ್ಸ್‌ಪೋಸ್. ಗಂಡಸರು ಕಾಳಿ ಒಂದರಲ್ಲಿ ಹಾಡಿದರೆ ಹೆಣ್ಣುಮಕ್ಕಳು ಕಾಳಿ ನಾಲ್ಕು, ಕಾಳಿ ಐದರಲ್ಲಿ ಹಾಡುತ್ತಾರೆ. ಸ್ಕೇಲ್ ಚೇಂಜರ್ ಹಾರ್ಮೋನಿಯಂನಲ್ಲಿ ಮನೆಗಳ ಪಟ್ಟಿಯನ್ನೇ ಎತ್ತಿ ಸರಿಸಬೇಕು. ಇಲ್ಲಿ ಬಟನ್ ಒತ್ತಿದರೆ ಮುಗೀತು, ಬೆರಳು ಇದ್ದಲ್ಲೇ ಇರುತ್ತವೆ.

ಹೀಗಾಗಿ ಒಬ್ಬ ಕೀಬೋರ್ಡಿನವರ ಕೈಯಲ್ಲಿ ಕೊಳಲು, ಪಿಟೀಲು, ಗಿಟಾರ್, ತುತ್ತೂರಿ ನಾಲ್ಕೂ ಬಂದವು. ಪಕ್ಕದಲ್ಲಿ ಆಕ್ಟೋಪ್ಯಾಡ್ ಒಬ್ಬರು ಕೂತರೆ ತಬಲಾ, ಢೋಲಕ್, ಡ್ರಮ್ಸ್ ಆಯಿತು. ಹಿಂದೆ ಹತ್ತು ಮಂದಿ ಬರುತ್ತಿದ್ದ ತಂಡ ಈಗ ಐದಾರು ಮಂದಿಗೆ ಇಳಿದದ್ದು ಹೀಗೆ. ಕಮಿಟಿಗೆ ಖರ್ಚು ಕಡಿಮೆ ಆಯಿತು, ಖರೆ. ಆದರೆ ಆ ಒಂದು ಪೆಟ್ಟಿಗೆ ನಿಂತರೆ ನಾಲ್ಕು ವಾದ್ಯ ಒಟ್ಟಿಗೆ ನಿಂತಂಗೆ.

ಏನು ಕೊಳ್ಳುತ್ತಾರೆ?

ಮೂರು ಮೆಟ್ಟಿಲು ಅಂತ ತಿಳಕೊಳ್ರಿ.

ಮೊದಲನೆಯದು ಕಲಿಯುವವರ, ಭಜನಾ ಮಂಡಳಿಗಳ ಕೀಬೋರ್ಡ್. ಯಮಹಾದವರು ಭಾರತಕ್ಕಂತಲೇ ಪಿಎಸ್‌ಆರ್-ಐ ಸರಣಿ ಮಾಡಿದ್ದಾರೆ. ಐ425, ಐ455, ಐ500 ಇವೆಲ್ಲ ಅದರವೇ. ತಬಲಾ, ತಂಬೂರಿ ಜೊತೆ ರಿಯಾಜ್ ಮಾಡುವ ಸೌಲಭ್ಯವೂ ಇದೆ. ಕ್ಯಾಸಿಯೊದಲ್ಲಿ ಸಿಟಿ-ಎಕ್ಸ್ ಸರಣಿಯ 'ಐಎನ್' ಅಂತ ಕೊನೆಯಾಗುವ ಮಾಡೆಲ್‌ಗಳು ಇದೇ ನಮೂನೆಯವು. ಇವುಗಳಿಗೆ ಸ್ಪೀಕರ್ ಒಳಗೇ ಇರುತ್ತದೆ. ದೇವಸ್ಥಾನದ ಕಟ್ಟೆ ಮೇಲೆ ಇಟ್ಟು ಹಂಗೇ ನುಡಿಸಬಹುದು.

ಎರಡನೆಯದು ಆರ್ಕೆಸ್ಟ್ರಾ ಮಂದಿಯ ಕೀಬೋರ್ಡ್. ಇಲ್ಲಿ ರೋಲ್ಯಾಂಡ್ ಎಕ್ಸ್‌ಪಿಎಸ್-10 ಮತ್ತು ಎಕ್ಸ್‌ಪಿಎಸ್-30 ಹೆಸರು ಪದೇ ಪದೇ ಕೇಳುತ್ತದೆ. 61 ಮನೆ, ಒಬ್ಬರೇ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಒಯ್ಯುವಷ್ಟು ಹಗುರ, ಭಾರತೀಯ ಟೋನ್‌ಗಳನ್ನು ಪೆನ್‌ಡ್ರೈವ್‌ನಿಂದ ತುಂಬಬಹುದು. ಒಳಗೆ ಸ್ಪೀಕರ್ ಇರೋದಿಲ್ಲ, ಸೌಂಡ್ ಸಿಸ್ಟಂ ಬೇಕೇ ಬೇಕು. ಎಕ್ಸ್‌ಪಿಎಸ್-10ರ ದರ ಅರ್ಧ ಲಕ್ಷದ ಆಸುಪಾಸು.

ಮೂರನೆಯದು ದೊಡ್ಡ ತಂಡಗಳದ್ದು. ಕೋರ್ಗ್ ಪಿಎ ಸರಣಿಯ ದೊಡ್ಡ ಮಾಡೆಲ್‌ಗಳು, ಯಮಹಾ ಎಂಒಡಿಎಕ್ಸ್ ಇಂಥವು ಲಕ್ಷ ದಾಟುತ್ತವೆ. ನಮ್ಮದೇ ಧ್ವನಿ ರೆಕಾರ್ಡ್ ಮಾಡಿ ಮನೆಗಳ ಮೇಲೆ ಕೂರಿಸಬಹುದು. ಡೊಳ್ಳು, ಹಲಗಿ ಸದ್ದು ಬೇಕಂದ್ರೆ ಅದನ್ನೂ ಹಾಕಿಕೊಳ್ಳಬಹುದು.

ಒಂದು ಲೆಕ್ಕ ನೋಡ್ರಿ. 50 ಸಾವಿರದ ಕೀಬೋರ್ಡ್ ಕೊಂಡು, ಒಂದು ಕಾರ್ಯಕ್ರಮಕ್ಕೆ ಬಸ್ ಚಾರ್ಜ್, ಊಟ, ಮನೆಗೆ ಕೊಡೋದು ಕಳೆದು 500 ರೂಪಾಯಿ ತೆಗೆದಿಡಲು ಆಯಿತು ಅನ್ನಿ. ಕೀಬೋರ್ಡಿನ ದುಡ್ಡು ತೀರಲು 100 ಕಾರ್ಯಕ್ರಮ ಬೇಕು. ಆಷಾಢದಲ್ಲಿ ಕೆಲಸ ಇರೋದಿಲ್ಲ, ಕಂತು ಮಾತ್ರ ನಿಲ್ಲೋದಿಲ್ಲ. ಒಂದು ಅಡಾಪ್ಟರ್ ಸುಟ್ಟು ಜೊತೆಗೆ ಒಳಗಿನ ಬೋರ್ಡೂ ಹೋದರೆ ಈ ಲೆಕ್ಕ ಮತ್ತೆ ಮೊದಲಿನಿಂದ.

ಸ್ಟೇಜ್ ಮೇಲೆ ವೈರ್ ಹೆಂಗೆ ಓಡುತ್ತದೆ?

ಕೀಬೋರ್ಡಿನ ಹಿಂದೆ ಎಡ ಮತ್ತು ಬಲ ಅಂತ ಎರಡು ಔಟ್‌ಪುಟ್ ತೂತು ಇರುತ್ತವೆ. ಒಂದೇ ವೈರ್ ಹಾಕೋದಾದರೆ 'ಮೊನೊ' ಅಂತ ಬರೆದ ಎಡಗಡೆಯದಕ್ಕೇ ಹಾಕಬೇಕು. ಬಲಕ್ಕೆ ಮಾತ್ರ ಹಾಕಿದರೆ ಎಡಗಡೆಯ ಸದ್ದು ಮಾಯ. ಕಡಿಮೆ ದರದ ಹಲವು ಕೀಬೋರ್ಡ್‌ಗಳಲ್ಲಿ ಹೆಡ್‌ಫೋನ್ ತೂತೇ ಔಟ್‌ಪುಟ್. ಅದಕ್ಕೆ ಸಾದಾ ಮೊನೊ ಪಿನ್ ಹಾಕಬಾರದು, ಸ್ಟೀರಿಯೊ ಪಿನ್ನಿನಿಂದ ಎರಡಾಗಿ ಒಡೆಯುವ ವೈರ್ ಬೇಕು.

ಅಲ್ಲಿಂದ ಸದ್ದು ಸೌಂಡಿನವರ ಮಿಕ್ಸರ್‌ಗೆ ಹೋಗಬೇಕು. ಮಿಕ್ಸರ್ ಪೆಂಡಾಲಿನ ಆ ತುದಿಗೆ, 60-70 ಅಡಿ ದೂರ ಇರುತ್ತದೆ. ಸಾದಾ ವೈರನ್ನು ಅಷ್ಟು ದೂರ ಎಳೆದರೆ ದಾರಿಯಲ್ಲಿರುವ ಲೈಟಿನ ಸರ, ಕರೆಂಟ್ ವೈರ್ ಎಲ್ಲದರಿಂದ 'ಗುಂಯ್' ಅನ್ನೋ ಸದ್ದನ್ನು ಹಿಡಿದುಕೊಂಡು ಬರುತ್ತದೆ. ಇದಕ್ಕೆ ಮದ್ದು ಡಿಐ ಬಾಕ್ಸ್, ಅಂಗೈ ಅಗಲದ ಒಂದು ಡಬ್ಬಿ. ಕೀಬೋರ್ಡಿನಿಂದ ಡಬ್ಬಿಗೆ ಸಣ್ಣ ವೈರ್, ಡಬ್ಬಿಯಿಂದ ಮಿಕ್ಸರ್‌ಗೆ ಮೈಕಿನ ಮೂರು ಪಿನ್ ವೈರ್. ಮೂರು ಪಿನ್ ವೈರಿನಲ್ಲಿ ಒಂದೇ ಸದ್ದು ಎರಡು ಎಳೆಗಳಲ್ಲಿ ಒಂದಕ್ಕೊಂದು ಉಲ್ಟಾ ಆಗಿ ಓಡುತ್ತದೆ. ಹೊರಗಿನ ಗುಂಯ್ ಎರಡಕ್ಕೂ ಒಂದೇ ರೀತಿ ಅಂಟುವುದರಿಂದ ಕೊನೆಗೆ ವಜಾ ಆಗಿಬಿಡುತ್ತದೆ.

ಇದರ ಜೊತೆಗೆ ಸಸ್ಟೇನ್ ಪೆಡಲ್, ತನ್ನ ಸದ್ದು ತಾನೇ ಕೇಳಲು ಒಂದು ಮಾನಿಟರ್ ಸ್ಪೀಕರ್ ಅಥವಾ ಕಿವಿಗೆ ಇಯರ್‌ಫೋನ್, ಟೋನ್‌ಗಳ ಬ್ಯಾಕಪ್ ಇರುವ ಪೆನ್‌ಡ್ರೈವ್, ಒಂದು ಹೆಚ್ಚಿನ ಅಡಾಪ್ಟರ್. ಅನುಭವ ಇರೋರ ಬ್ಯಾಗಿನಲ್ಲಿ ಇವಿಷ್ಟೂ ಸಿಗುತ್ತವೆ. ಅಡಾಪ್ಟರ್ ವಿಷಯದಲ್ಲಿ ಹುಷಾರ್. ಪಿನ್ ಕೂತಿತು ಅಂತ ಇನ್ನೊಬ್ಬರದ್ದು ಹಾಕಬಾರದು. ವೋಲ್ಟೇಜ್ ಬೇರೆ, ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ ಅನ್ನೋದೂ ಕಂಪನಿಯಿಂದ ಕಂಪನಿಗೆ ಬೇರೆ.

ಅಸಲಿ ಸಮಸ್ಯೆ ಕರೆಂಟಿನದು

ಕೀಬೋರ್ಡ್ ತಿನ್ನೋದು ಒಂದು ಎಲ್‌ಇಡಿ ಬಲ್ಬಿನಷ್ಟೇ ಕರೆಂಟ್, ಹತ್ತಿಪ್ಪತ್ತು ವ್ಯಾಟ್. ಆದರೆ ಅದು ಒಳಗೆ ಕಂಪ್ಯೂಟರ್ ಇದ್ದಂಗೆ. ಫ್ಯಾನಿಗೆ ವೋಲ್ಟೇಜ್ ಇಳಿದರೆ ನಿಧಾನ ತಿರುಗುತ್ತದೆ, ಕೀಬೋರ್ಡಿಗೆ ಜಾಸ್ತಿ ಇಳಿದರೆ ಬಂದ್ ಆಗುತ್ತದೆ. ದೊಡ್ಡ ಆಂಪ್ಲಿಫೈಯರ್, ಹ್ಯಾಲೊಜನ್ ಲೈಟ್, ಒಲೆ ಎಲ್ಲಾ ಒಂದೇ ಸಣ್ಣ ವೈರಿನ ಮೇಲಿದ್ದರೆ ಬೇಸ್ ಹೊಡೆದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ.

ಇದಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ಸಡಿಲಾಗೋದು. ಮೂರು ಫೇಸ್ ತಾತ್ಕಾಲಿಕ ಲೈನಿನಲ್ಲಿ ನ್ಯೂಟ್ರಲ್ ವೈರ್ ಬಿಟ್ಟುಕೊಂಡರೆ 230 ವೋಲ್ಟ್ ಬರಬೇಕಾದ ಬೋರ್ಡಿಗೆ 400ರ ಹತ್ತಿರ ಬರಬಹುದು. ಅಡಾಪ್ಟರ್, ಮಿಕ್ಸರ್, ಲೈಟು ಎಲ್ಲಾ ಒಂದೇ ಏಟಿಗೆ ಹೋಗುತ್ತವೆ. ವೈರನ್ನು ಬರೇ ತಿರುವಿ ಟೇಪ್ ಸುತ್ತಿ ಬಿಡೋದರ ಫಲ ಇದು.

ಎಲ್ಲಕ್ಕಿಂತ ದೊಡ್ಡದು ಅರ್ಥಿಂಗ್. ಗುಂಯ್ ಸದ್ದು ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಾಕುವವರಿದ್ದಾರೆ. ಸದ್ದು ಹೋಗಬಹುದು, ಜೀವವೂ ಹೋಗಬಹುದು. ಆಂಪ್ಲಿಫೈಯರ್ ಒಳಗೆ ಕರೆಂಟ್ ಅದರ ಲೋಹದ ಮೈಗೆ ತಾಗಿದರೆ ಅರ್ಥ್ ವೈರ್ ಇದ್ದಾಗ ಅದು ನೆಲಕ್ಕೆ ಹರಿದು ಫ್ಯೂಸ್ ಹಾರುತ್ತದೆ. ಅರ್ಥ್ ಇಲ್ಲದಿದ್ದರೆ ಮೈಕ್ ಹಿಡಿದವರ ಮೂಲಕ ಹರಿಯುತ್ತದೆ. ಮಳೆಗಾಲ, ಹಸಿ ನೆಲ, ಬರಿಗಾಲು ಬೇರೆ. ಡಿಐ ಬಾಕ್ಸ್ ಮೇಲೆ 'ಗ್ರೌಂಡ್ ಲಿಫ್ಟ್' ಅನ್ನೋ ಬಟನ್ ಇರುತ್ತದೆ. ಅದು ಸದ್ದಿನ ವೈರಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಮುಟ್ಟೋದಿಲ್ಲ. ಗುಂಯ್ ತೆಗೆಯಲು ಅದನ್ನು ಒತ್ತಬೇಕೇ ಹೊರತು ಪಿನ್ ಕೀಳಬಾರದು.

ಕಮಿಟಿಯವರು ಮಾಡಬೇಕಾದ್ದು

- ಪೆಂಡಾಲಿಗೆ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೀರಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕಡೆಯಿಂದಲೇ ವೈರಿಂಗ್ ಮಾಡಿಸಿ. ಕಂಬದಿಂದ ಕೊಕ್ಕೆ ಹಾಕೋದು ಕಾನೂನಿಗೂ ತಪ್ಪು, ಜೀವಕ್ಕೂ ಅಪಾಯ.
- ಅರ್ಥಿಂಗ್ ಮಾಡಿಸಿ, 30 ಮಿಲಿ ಆಂಪ್ ಆರ್‌ಸಿಸಿಬಿ ಹಾಕಿಸಿ. ಮೈಗೆ ಕರೆಂಟ್ ಹರಿಯಲು ಶುರುವಾದರೆ ಕಣ್ಣು ಮಿಟುಕಿಸೋದರೊಳಗೆ ಲೈನ್ ಕಟ್ ಮಾಡುತ್ತದೆ.
- ವಾದ್ಯಗಳಿಗೆ ಒಂದು ಪ್ರತ್ಯೇಕ ಬೋರ್ಡ್ ಕೊಡ್ರಿ. ಲೈಟಿನ ಸರ, ಒಲೆ, ಮೊಬೈಲ್ ಚಾರ್ಜರ್ ಯಾವುದೂ ಅದಕ್ಕೆ ಬೇಡ.
- ಅಂಗಡಿಯಲ್ಲಿ ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಒಂದನ್ನು ಒಂದು ರಾತ್ರಿಗೆ ಕೊಟ್ಟರೂ ಸಾಕು. ಕೀಬೋರ್ಡಿಗೆ ಹತ್ತು ಹದಿನೈದು ನಿಮಿಷ ಸಲೀಸಾಗಿ ಎಳೆಯುತ್ತದೆ. ಜನರೇಟರ್ ಶುರುವಾಗಲು ಅಷ್ಟು ಟೈಮ್ ಬೇಕಾಗೋದಿಲ್ಲ.
- ಸ್ಟೇಜ್ ಮೇಲೆ ಸೋರದ ಹೊದಿಕೆ, ಕೀಬೋರ್ಡ್ ಮುಚ್ಚಲು ಒಂದು ತಾಡಪತ್ರಿ ಇರಲಿ.
- ತಂಡಕ್ಕೆ ಒಂದು ತಾಸು ಮುಂಚೆ ಸ್ಟೇಜ್ ಬಿಟ್ಟುಕೊಡಿ. ಸೌಂಡ್ ಚೆಕ್ ಇಲ್ಲದೆ ಹಾಡು ಚಲೋ ಬರೋದಿಲ್ಲ.
- ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ವಿಶೇಷ ವಿನಾಯಿತಿ ಇಲ್ಲದ ದಿನ ಭಾಷಣಗಳನ್ನು ಉದ್ದ ಎಳೆದು ಒಂಬತ್ತೂವರೆಗೆ ತಂಡವನ್ನು ಹತ್ತಿಸಿದರೆ ಅವರು ನುಡಿಸೋದಾದರೂ ಎಷ್ಟು?

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಹೊಸ ಹುಡುಗರು ಹೆಚ್ಚಾಗಿ ಹಳೇದನ್ನೇ ಕೊಳ್ಳುತ್ತಾರೆ. ತಪ್ಪೇನಿಲ್ಲ, ನೋಡಿ ಕೊಳ್ಳಬೇಕು. 61 ಮನೆಗಳನ್ನೂ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ ನೋಡ್ರಿ. ಯಾವುದಾದರೂ ಮನೆ ಮೆಲ್ಲಗೆ ಒತ್ತಿದರೂ ಜೋರಾಗಿ ಕೂಗಿದರೆ ಮನೆ ಕೆಳಗಿನ ರಬ್ಬರ್ ಕಾಂಟ್ಯಾಕ್ಟಿಗೆ ಧೂಳು ಕೂತಿದೆ ಅಂತ ಅರ್ಥ. ನಮ್ಮೂರಿನ ಧೂಳಿಗೆ ಇದು ಮಾಮೂಲು. ಸ್ವಚ್ಛ ಮಾಡಿಸಬಹುದು, ಆ ಖರ್ಚನ್ನು ದರದಲ್ಲಿ ಕಳೀರಿ. ಪಿಚ್ ಬೆಂಡ್ ಬಿಟ್ಟ ಮೇಲೆ ಸ್ವರ ತನ್ನ ಜಾಗಕ್ಕೆ ವಾಪಸ್ ಬರುತ್ತದೋ ನೋಡ್ರಿ. ಔಟ್‌ಪುಟ್ ತೂತಿನಲ್ಲಿ ಪಿನ್ ಅಲ್ಲಾಡಿಸಿದಾಗ ಕರಕರ ಅಂದರೆ ಸೋಲ್ಡರ್ ಬಿಟ್ಟಿದೆ. ಕಂಪನಿಯ ಅಡಾಪ್ಟರ್, ಖರೀದಿ ಬಿಲ್, ಹಿಂಬದಿಯ ಸೀರಿಯಲ್ ನಂಬರ್ ಮೂರೂ ಕೇಳ್ರಿ. ಬಿಲ್ ಇಲ್ಲದೆ ಭಾಳ ಅಗ್ಗಕ್ಕೆ ಬಂದರೆ ಅದು ಇನ್ಯಾರದೋ ಕಳೆದುಹೋದ ಅನ್ನ ಇರಬಹುದು.

ಒಂದು ಓಣಿ ಗಣಪತಿಗೆ ಹೂವಿನ ಅಲಂಕಾರಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುತ್ತೇವೆ. ಒಂದು ಸರಿಯಾದ ಅರ್ಥಿಂಗ್, ಒಂದು ಬೇರೆ ಬೋರ್ಡ್ ಅದರ ಮುಂದೆ ಏನೂ ಅಲ್ಲ. ಈ ಸಲ ವಂತಿಗೆ ಪಾವತಿ ಹರಿಸಿಕೊಳ್ಳುವಾಗ ಅಂಗಡಿಯವರು ಒಂದು ಮಾತು ಕೇಳ್ರಿ: ಸ್ಟೇಜ್ ವೈರಿಂಗ್ ಯಾರು ಮಾಡ್ತಾರ? ಕೀಬೋರ್ಡ್ ಬಂದ್ ಆದರೆ ಐದು ನಿಮಿಷದಲ್ಲಿ ಮತ್ತೆ ಶುರುವಾಗುತ್ತದೆ, ಮೈಕ್ ಹಿಡಿದವರಿಗೆ ಶಾಕ್ ಹೊಡೆದರೆ ಹಾಗಲ್ಲ.